ಶಂಬಾ ಜೋಶಿಯವರ ಮೂಲಶೋಧನೆಯೂ ಪ್ರಾಚೀನಾಸ್ಥಿಗಳ ಸಾಕ್ಷ್ಯವೂ

ತಿರುಳ್ಗನ್ನಡದ ನೆಲವನ್ನು ಕವಿರಾಜಮಾರ್ಗಕಾರನು ನಾಲ್ಕು ಊರುಗಳಿಂದ ಗುರುತಿಸಿರುವನು. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ಆ ನಾಲ್ಕರಲ್ಲಿ ಕೊನೆಯದು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನ ವಕ್ಕುಂದವೆಂಬುದು ವಿದ್ವಾಂಸರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಮಾತು. ಒಂಬತ್ತನೆಯ ಶತಮಾನದಲ್ಲಿ ಭಾಷೆಯ ತಿರುಳಿಗೆ ಎಲ್ಲೆಗಲ್ಲಾಗಿದ್ದ ಈ ಮಲಪ್ರಭೆಯ ಸೀಮೆಯೇ ಸಾವಿರ ವರ್ಷಗಳ ತರುವಾಯ ಆ ಭಾಷೆಯನ್ನಾಡಿದ ಜನದ ಮೂಲವನ್ನು ಅರಸಲು ಹೊರಟ ಸಂಶೋಧಕರೊಬ್ಬರಿಗೆ ಜನ್ಮಭೂಮಿಯಾಯಿತು. ಶಂಕರ ಬಾಳದೀಕ್ಷಿತ ಜೋಶಿಯವರು ೧೮೯೬ರಲ್ಲಿ ಹುಟ್ಟಿದ ಗುರ್ಲಹೊಸೂರು ಪಕ್ಕದ ಸವದತ್ತಿ ತಾಲೂಕಿನದು. ಅವರು ೧೯೩೩ರಲ್ಲಿ ‘ಕಣ್ಮರೆಯಾದ ಕನ್ನಡ’ವನ್ನೂ, ಮರುವರ್ಷ ‘ಮಹಾರಾಷ್ಟ್ರದ ಮೂಲ’ವನ್ನೂ, ೧೯೪೭ರಲ್ಲಿ ‘ಎಡೆಗಳು ಹೇಳುವ ಕಂನಾಡ ಕಥೆ’ಯನ್ನೂ, ೧೯೬೦ರಲ್ಲಿ ‘ಹಾಲುಮತ ದರ್ಶನ’ವನ್ನೂ ಪ್ರಕಟಿಸಿದರು. ೧೯೭೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಯು ಈ ಶೋಧದ ಪ್ರೌಢಫಲವು. ಆದರೆ ಅದರ ಬೇರುಗಳು ಮೊದಲಿನ ಗ್ರಂಥಗಳಲ್ಲಿಯೇ ಇರುವುದರಿಂದ ಪರೀಕ್ಷೆಯು ಅಲ್ಲಿಂದಲೇ ಆರಂಭವಾಗಬೇಕಾಗಿದೆ.

ಆ ಗ್ರಂಥಗಳ ಪ್ರತಿಪಾದನೆಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಇಂದು ಮಹಾರಾಷ್ಟ್ರವೆನಿಸಿಕೊಳ್ಳುವ ನೆಲದ ಬಹುಭಾಗವು ಒಂದು ಕಾಲಕ್ಕೆ ಕನ್ನಡವನ್ನಾಡುವ ಜನರ ನೆಲೆಯಾಗಿದ್ದಿತು. ಆ ಜನರು ದನಕುರಿಗಳ ಹಟ್ಟಿಗಳನ್ನು ಕಟ್ಟಿಕೊಂಡು ಬಾಳಿದ, ಬೇಕಾದಾಗ ಕೈದು ಹಿಡಿಯಬಲ್ಲ ಹಟ್ಟಿಕಾರರು. ಮರಹಟ್ಟರೆಂಬ ಹೆಸರಿನಲ್ಲಿಯೇ ಈ ಹಟ್ಟಿಯ ನೆನಪು ಉಳಿದಿದೆ. ಕಾಲಕ್ರಮದಲ್ಲಿ ಅವರ ನುಡಿಯು ಮಾರ್ಪಟ್ಟಿತಾದರೂ ಊರುಗಳ ಹೆಸರು, ಮನೆದೇವರ ನಡಾವಳಿ, ಒಕ್ಕಲುತನದ ಶಬ್ದಗಳು ಹಳೆಯ ಕಥೆಯನ್ನು ಹೇಳುತ್ತಲೇ ಇವೆ. ಕುರುಬರ ಹಾಲುಮತವು ಇದೇ ಸಂಸ್ಕೃತಿಯ ಜೀವಂತವಾಗಿ ಉಳಿದ ಕೊಂಬೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡವೆಂದು ಕರೆದ ಕವಿರಾಜಮಾರ್ಗವನ್ನು ಓದಿದವರಿಗೆ ಈ ಪ್ರತಿಪಾದನೆಯು ಅಪರಿಚಿತವಾಗಿ ತೋರದು. ಆದರೆ ಕವಿಯು ಒಂದು ಕಾಲದ ನುಡಿಯ ಎಲ್ಲೆಯನ್ನಷ್ಟೇ ಹೇಳಿದನು. ಜೋಶಿಯವರು ಆ ಎಲ್ಲೆಯೊಳಗಿನ ಜನವು ಯಾರು, ಎಂದಿನಿಂದ ಇದ್ದಿತು ಎಂಬ ಪ್ರಶ್ನೆಗೆ ಕೈಹಾಕಿದರು. ಕರ್ನಾಟಕದ ಏಕೀಕರಣದ ಚಳುವಳಿಯು ನಡೆದಿದ್ದ ಕಾಲದಲ್ಲಿ ಇಂಥ ಪ್ರಶ್ನೆಯು ವಿದ್ವಾಂಸರ ಕೋಣೆಯೊಳಗೇ ಉಳಿಯುವಂತಿರಲಿಲ್ಲ. ಗಡಿಯ ವ್ಯಾಜ್ಯವು ತೀರದಿರುವ ಇಂದಿಗೂ ಉಳಿಯುವಂತಿಲ್ಲ.

ಜೋಶಿಯವರ ಕಾಲದಲ್ಲಿ ಜನದ ಮೂಲವನ್ನು ಕುರಿತು ಮಾತನಾಡಲು ಎರಡೇ ದಾರಿಗಳಿದ್ದವು. ಒಂದು ಶಬ್ದಗಳ ದಾರಿ, ಇನ್ನೊಂದು ಮೂಗು ತಲೆಗಳ ಅಳತೆಯ ದಾರಿ. ಎರಡನೆಯದನ್ನು ಹಿಡಿದ ಹರ್ಬರ್ಟ್ ರಿಸ್ಲೆಯು ೧೯೦೮ರ ತನ್ನ ಗ್ರಂಥದಲ್ಲಿ ಮರಾಠರನ್ನೂ ಕೊಡವರನ್ನೂ ‘ಶಕ-ದ್ರಾವಿಡ’ರೆಂಬ ಒಂದೇ ಪಂಗಡದಲ್ಲಿ ಕೂಡಿಸಿದನು. ಆ ವರ್ಗೀಕರಣವನ್ನು ಶಾಸ್ತ್ರವು ಕೈಬಿಟ್ಟು ಬಹುಕಾಲವಾಯಿತು. ಜೋಶಿಯವರು ಮೂಗನ್ನು ಅಳೆಯುವ ಗೊಡವೆಗೆ ಹೋಗದೆ ಶಬ್ದವನ್ನೂ ದೈವವನ್ನೂ ನಂಬಿದರೆಂಬುದು ಅವರ ಗ್ರಂಥಗಳು ಇಂದಿಗೂ ಓದಿಸಿಕೊಳ್ಳುವುದಕ್ಕೆ ಒಂದು ಕಾರಣವಾಗಿದೆ. ಇತ್ತೀಚೆಗೆ ಮೂರನೆಯ ದಾರಿಯೊಂದು ತೆರೆದಿದೆ. ಸತ್ತವರ ಎಲುಬಿನಲ್ಲಿ ಅಳಿದುಳಿದ ಡಿ.ಎನ್.ಎ.ಯನ್ನು ಓದುವ ಈ ವಿದ್ಯೆಯು ೨೦೧೦ರಲ್ಲಿ ನಿಯಾಂಡರ್ತಾಲ್ ಮಾನವನ ಜೀನೋಮನ್ನು ಮುಂದಿಟ್ಟಿತು. ಅದರ ಅಗ್ರಗಣ್ಯನಾದ ಸ್ವಾಂಟೆ ಪಾಬೊಗೆ ೨೦೨೨ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಹೀಗಿರಲು ಶಂಬಾ ಅವರ ಸಿದ್ಧಾಂತವನ್ನು ಈ ಹೊಸ ಸಾಕ್ಷ್ಯದಿಂದ ‘ನಿಜ’ವೆಂದು ಸಾರುವ ಆಶೆಯೂ, ‘ಸುಳ್ಳೆಂದು ಸಿದ್ಧವಾಯಿತು’ ಎಂದು ಮಡಿಸಿಡುವ ಆತುರವೂ ಹುಟ್ಟುವುದು ಸಹಜ. ಎರಡಕ್ಕೂ ಆಸ್ಪದವಿದೆಯೇ ಎಂಬುದನ್ನು ನೋಡಬೇಕಾಗಿದೆ.

ಮೊದಲು ಸಾಕ್ಷ್ಯದ ಸ್ವರೂಪ. ಡಿ.ಎನ್.ಎ.ಯು ಸತ್ತ ದೇಹದಲ್ಲಿ ದಿನದಿನಕ್ಕೆ ತುಂಡಾಗುತ್ತ ಹೋಗುವುದು. ಬಿಸಿಲೂ ತೇವವೂ ಕೂಡಿದಲ್ಲಿ ಬೇಗನೆ, ಚಳಿಯಲ್ಲಿ ನಿಧಾನವಾಗಿ. ತಲೆಬುರುಡೆಯಲ್ಲಿ ಒಳಗಿವಿಯನ್ನು ಸುತ್ತುವರಿದ ಗಟ್ಟಿ ಎಲುಬಿನಲ್ಲಿ ಅದು ಹೆಚ್ಚು ಕಾಲ ತಾಳುವುದೆಂದು ಗೊತ್ತಾದ ಮೇಲೆ ಉಷ್ಣದೇಶಗಳಲ್ಲಿಯೂ ಆಶೆ ಚಿಗುರಿತು. ಆದರೂ ಹರಿಯಾಣದ ರಾಖೀಗಢಿಯ ಸಿಂಧೂ ನಾಗರಿಕತೆಯ ಸ್ಮಶಾನದಿಂದ ತೆಗೆದ ೬೧ ಮಾದರಿಗಳನ್ನು ಪರೀಕ್ಷಿಸಿದಲ್ಲಿ ಒಬ್ಬಳೇ ಒಬ್ಬ ಹೆಂಗಸಿನ ಅಸ್ಥಿಯು ಓದತಕ್ಕಷ್ಟು ಅಕ್ಷರಗಳನ್ನು ಉಳಿಸಿಕೊಂಡಿದ್ದಿತು. ೨೦೧೯ರಲ್ಲಿ ವಸಂತ ಶಿಂದೆ ಮತ್ತು ಅವರ ಸಂಗಡಿಗರು ಅದನ್ನು ಪ್ರಕಟಿಸಿದರು. ಶಾಸನಶಾಸ್ತ್ರದಲ್ಲಿ ಸವೆದ ಕಲ್ಲನ್ನು ಓದಿ ರೂಢಿಯಾದವರಿಗೆ ಈ ಸ್ಥಿತಿಯು ಚೆನ್ನಾಗಿ ತಿಳಿಯುವುದು. ಅರವತ್ತೊಂದು ಶಾಸನಗಳಲ್ಲಿ ಒಂದರ ನಡುವಣ ಕೆಲವು ಸಾಲುಗಳು ಮಾತ್ರ ಉಳಿದಂತೆ.

ಆ ಸಾಲುಗಳು ಹೇಳಿದುದಾದರೂ ಅಲ್ಪವಲ್ಲ. ಆ ಹೆಂಗಸಿನಲ್ಲಿ ಇರಾನಿನ ಪ್ರಾಚೀನರಿಗೆ ದೂರದ ನಂಟಿರುವ ಒಂದು ವಂಶಾಂಶವೂ, ಭರತಖಂಡದ ಅತಿ ಪುರಾತನ ಬೇಟೆಗಾರರ ಒಂದು ವಂಶಾಂಶವೂ ಕೂಡಿದ್ದವು. ಮಧ್ಯ ಏಶಿಯದ ಸ್ಟೆಪ್ಪಿ ಹುಲ್ಲುಗಾವಲಿನ ಪಶುಪಾಲಕರ ಅಂಶವು ಇರಲಿಲ್ಲ. ಅದೇ ವರ್ಷ ವಾಘೀಶ ನರಸಿಂಹನ್ ಮೊದಲಾದವರು ಮಧ್ಯ ಏಶಿಯ ಮತ್ತು ಭರತಖಂಡದ ವಾಯವ್ಯ ಭಾಗಗಳ ೫೨೩ ಪ್ರಾಚೀನ ವ್ಯಕ್ತಿಗಳ ಜೀನೋಮುಗಳನ್ನು ಮುಂದಿಟ್ಟು, ಸ್ಟೆಪ್ಪಿಯ ಅಂಶವು ಕ್ರಿ. ಪೂ. ೨೦೦೦ ಮತ್ತು ೧೫೦೦ರ ನಡುವೆ ದಕ್ಷಿಣ ಏಶಿಯಕ್ಕೆ ಬಂದಿತೆಂದು ತೋರಿಸಿದರು. ಸಿಂಧೂಪ್ರಾಂತದ ಜನರು ಒಂದು ಕಡೆಗೆ ಸ್ಟೆಪ್ಪಿಯಿಂದ ಬಂದವರೊಡನೆಯೂ, ಇನ್ನೊಂದು ಕಡೆಗೆ ದಕ್ಷಿಣದ ಪುರಾತನರೊಡನೆಯೂ ಬೆರೆತರು. ಇಂದಿನ ಭಾರತೀಯರಲ್ಲಿ ಹೆಚ್ಚಿನವರು ಈ ಎರಡು ಬೆರಕೆಗಳ ಬೆರಕೆಯಾಗಿರುವರು. ೨೦೨೫ರಲ್ಲಿ ೨,೭೬೨ ಜನ ಭಾರತೀಯರ ಜೀನೋಮುಗಳನ್ನಾಧರಿಸಿ ಪ್ರಕಟವಾದ ಅಧ್ಯಯನವೂ ಈ ಮೂರು ಎಳೆಗಳ ಚಿತ್ರವನ್ನೇ ಗಟ್ಟಿಗೊಳಿಸಿತು. ಎಲ್ಲೆಡೆಯೂ ಎಳೆಗಳು ಅವೇ, ಪ್ರಮಾಣವು ಮಾತ್ರ ಬೇರೆ.

ಇಲ್ಲಿ ಎಚ್ಚರದಿಂದ ಗಮನಿಸಬೇಕಾದುದೊಂದಿದೆ. ೨೦೧೯ರ ಆ ೫೨೩ ವ್ಯಕ್ತಿಗಳಲ್ಲಿ ದಕ್ಷಿಣಾಪಥದವರು ಒಬ್ಬರೂ ಇಲ್ಲ. ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ವ್ಹೀಲರನು ಅಗೆದು ತೆಗೆದ ಬೃಹತ್ ಶಿಲಾಯುಗದ ಗೋರಿಗಳಾಗಲಿ, ತೆಕ್ಕಲಕೋಟೆಯ ಹೊಸಶಿಲಾಯುಗದ ಸಮಾಧಿಗಳಾಗಲಿ ಈ ಚಿತ್ರದೊಳಗೆ ಬಂದಿಲ್ಲ. ಮಲಪ್ರಭೆಯ ಕಣಿವೆಯು ಪ್ರಾಗಿತಿಹಾಸಜ್ಞರಿಗೆ ಹೊಸದಲ್ಲ. ರಾಬರ್ಟ್ ಬ್ರೂಸ್ ಫೂಟನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಸೀಮೆಯ ಭೂರಚನೆಯನ್ನು ಬರೆದಿಟ್ಟನು. ಆರ್. ವಿ. ಜೋಶಿಯವರು ಈ ಕಣಿವೆಯ ಶಿಲಾಯುಗವನ್ನು ಕುರಿತ ತಮ್ಮ ಗ್ರಂಥವನ್ನು ೧೯೫೫ರಲ್ಲಿ ಹೊರತಂದರು. ಆದರೆ ಕಲ್ಲಿನ ಆಯುಧವು ಅದನ್ನು ಹಿಡಿದ ಕೈಯ ಕುಲವನ್ನು ಹೇಳಲಾರದು. ಆದುದರಿಂದ ಕರ್ನಾಟಕದ ಜನಮೂಲವನ್ನು ಕುರಿತು ಜೀನೋಮುಗಳಿಂದ ಇಂದು ಹೇಳಲಾಗುವುದೆಲ್ಲವೂ ಬದುಕಿರುವವರ ರಕ್ತದಿಂದಲೂ, ದೂರದ ವಾಯವ್ಯದ ಎಲುಬುಗಳಿಂದಲೂ ಮಾಡಿದ ಅನುಮಾನವು. ಪ್ರತ್ಯಕ್ಷ ಪ್ರಮಾಣವು ಇಲ್ಲ.

ಈ ಮಿತಿಯೊಳಗೂ ಶಂಬಾ ಅವರ ಸಿದ್ಧಾಂತದ ಒಂದು ಕಂಬವು ಅಲುಗುವುದನ್ನು ಅಲ್ಲಗಳೆಯಲಾಗದು. ಅವರು ಹಟ್ಟಿಕಾರರನ್ನು ಆದಿಯಿಂದ ಇಂದಿನವರೆಗೆ ಹರಿದುಬಂದ ಒಂದೇ ಜನವೆಂದು ಭಾವಿಸುವರು. ಒಂದು ಜನ, ಅದಕ್ಕೆ ಒಂದು ನುಡಿ, ಅದಕ್ಕೆ ಒಂದು ದೈವಸಂಪ್ರದಾಯ. ಈ ಮೂರೂ ಒಂದೇ ಹಗ್ಗದ ಹುರಿಗಳಂತೆ ಕೂಡಿಯೇ ಸಾಗುವುವೆಂಬ ಭಾವನೆಯು ಅವರ ಗ್ರಂಥಗಳ ತಳದಲ್ಲಿದೆ. ಅದು ಆ ಕಾಲದ ಸಕಲ ಪಂಡಿತರ ಭಾವನೆಯಾಗಿದ್ದಿತು. ಪ್ರಿಯಾ ಮೂರ್ಜಾನಿ ಮೊದಲಾದವರು ೨೦೧೩ರಲ್ಲಿ ೭೩ ಜನಸಮುದಾಯಗಳನ್ನು ಪರೀಕ್ಷಿಸಿ, ಈ ದೇಶದಲ್ಲಿ ದೊಡ್ಡ ಬೆರಕೆಯು ಇಂದಿಗೆ ಸುಮಾರು ೪,೨೦೦ರಿಂದ ೧,೯೦೦ ವರ್ಷಗಳ ಹಿಂದಿನ ಅವಧಿಯಲ್ಲಿ ನಡೆಯಿತೆಂದೂ, ಅನಂತರ ತಂತಮ್ಮೊಳಗೇ ಹೆಣ್ಣು ಕೊಟ್ಟು ತರುವ ಕಟ್ಟು ಬಿಗಿಯಾಯಿತೆಂದೂ ಕಂಡುಕೊಂಡರು. ಹಾಗಾದರೆ ಜಾತಿಯ ಬೇಲಿಯು ಬೀಳುವ ಮುಂಚಿನ ಆ ಕಾಲಕ್ಕೆ ‘ಹಟ್ಟಿಕಾರ ಜನ’ವೆಂಬ ಮುಚ್ಚಿದ ಕುಲವನ್ನು ಕಲ್ಪಿಸುವುದು ಕಷ್ಟ. ಇಂದಿನ ಕುರುಬರನ್ನೂ ಧನಗರರನ್ನೂ ನೋಡಿ, ಅವರ ಅಚ್ಚಿನಲ್ಲಿಯೇ ಎರಡು ಸಾವಿರ ವರ್ಷಗಳ ಹಿಂದಿನವರನ್ನು ಎರಕಹೊಯ್ಯುವುದು ತಪ್ಪು. ಈಗಿನ ಕುಲವು ಆಗ ಇನ್ನೂ ಕುಲವಾಗಿರಲಿಲ್ಲ.

ಇದೇ ಪ್ರಸಂಗದಲ್ಲಿ ಎದುರು ಪಕ್ಷದ ದೋಷವನ್ನೂ ಹೇಳಿಬಿಡುವುದು ನ್ಯಾಯ. ೨೦೧೬ರಲ್ಲಿ ಪಾರ್ಥ ಮಜುಂದಾರ್ ಮತ್ತು ಅವರ ಸಹಕಾರಿಗಳು ಮೇಲ್ಜಾತಿಗಳಲ್ಲಿ ಈ ಬೇಲಿಯು ಸುಮಾರು ೭೦ ತಲೆಮಾರುಗಳ ಹಿಂದೆ ಬಿದ್ದಿತೆಂದು ಲೆಕ್ಕಹಾಕಿ, ಅದು ಗುಪ್ತರ ಆಳ್ವಿಕೆಯ ಕಾಲವಾಗುವುದರಿಂದ ದೊರೆಗಳ ಕಟ್ಟಳೆಯಿಂದ ಆಗಿರಬಹುದೆಂದು ಸೂಚಿಸಿದರು. ಲೆಕ್ಕವು ಲೆಕ್ಕವಾಗಿ ಇರಲಿ. ಆದರೆ ಮದುವೆಯ ನಿಯಮವು ಒಬ್ಬ ಅರಸನ ಆಜ್ಞೆಯಿಂದ ದೇಶದ ಮೂಲೆಮೂಲೆಗೂ ಒಮ್ಮೆಲೇ ಹರಡಿತೆಂಬುದಕ್ಕೆ ಒಂದು ಶಾಸನದ ಆಧಾರವನ್ನೂ ಅವರು ಕೊಡಲಿಲ್ಲ. ಕಾಲದ ಹೊಂದಾಣಿಕೆಯೊಂದರಿಂದಲೇ ಕಾರಣವನ್ನು ಕಟ್ಟುವ ಈ ರೀತಿಗೂ, ಶಬ್ದದ ಹೊಂದಾಣಿಕೆಯೊಂದರಿಂದಲೇ ಕುಲವನ್ನು ಕಟ್ಟುವ ರೀತಿಗೂ ತರ್ಕದಲ್ಲಿ ಹೆಚ್ಚು ಅಂತರವಿಲ್ಲ. ಪ್ರಯೋಗಶಾಲೆಯಿಂದ ಬಂದ ಮಾತ್ರಕ್ಕೆ ಕಥೆಯು ಪ್ರಮಾಣವಾಗದು.

ಜನ ಮತ್ತು ನುಡಿಗಳು ಬೇರೆ ಬೇರೆ ದಾರಿಗಳಲ್ಲಿ ನಡೆಯುವುವೆಂಬುದನ್ನು ಅರಿಯಲು ಜೀನೋಮುಗಳೇ ಬೇಕೆಂದಿಲ್ಲ. ಜೋಶಿಯವರ ಹುಟ್ಟುನೆಲವೇ ಸಾಕು. ಸವದತ್ತಿಯನ್ನು ಆಳಿದ ರಟ್ಟರು ತಮ್ಮನ್ನು ಲತ್ತಲೂರಪುರದ ಒಡೆಯರೆಂದು ಹೊಗಳಿಸಿಕೊಂಡರು. ಆ ಲತ್ತಲೂರು ಇಂದು ಮರಾಠಿಯ ಲಾತೂರು. ಅದೇ ರಟ್ಟರ ಶಾಸನಗಳು ಕನ್ನಡ ಕಾವ್ಯಭಾಷೆಯ ಸೊಬಗಿನ ಮಾದರಿಗಳು. ರಾಮದುರ್ಗದ ಸಂಸ್ಥಾನವನ್ನು ಆಳಿದ ಭಾವೆಯವರು ಕೊಂಕಣಸ್ಥರು, ಆಳಿಸಿಕೊಂಡ ಊರು ಕನ್ನಡ. ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ ಭಾರತಹುಣ್ಣಿಮೆಗಳಲ್ಲಿ ಬರುವ ಬಂಡಿಗಳಲ್ಲಿ ಕನ್ನಡದ ಉಧೋ ಉಧೋ ಎಷ್ಟೋ ಮರಾಠಿಯದೂ ಅಷ್ಟೇ. ಕಿತ್ತೂರಿಗೂ ಬೈಲಹೊಂಗಲಕ್ಕೂ ಮಗ್ಗುಲಾಗಿರುವ ಖಾನಾಪುರದ ಕಾಡಂಚಿನಲ್ಲಿ ಸಿದ್ದಿಗಳಿರುವರು. ಕರ್ನಾಟಕ ಮತ್ತು ಗುಜರಾತಗಳ ಸಿದ್ದಿಗಳನ್ನು ಕುರಿತು ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನವು ಅವರಲ್ಲಿ ಆಫ್ರಿಕದ ಬಾಂಟು ಜನರ ಅಂಶವೇ ಮುಖ್ಯವೆಂದೂ, ಅದರೊಡನೆ ಭಾರತೀಯ ಅಂಶವೂ ಅಲ್ಪಸ್ವಲ್ಪ ಯುರೋಪಿನ ಅಂಶವೂ ಬೆರೆತಿದೆಯೆಂದೂ ತೋರಿಸಿತು. ಅವರ ಬಾಯಲ್ಲಿರುವುದು ಕೊಂಕಣಿ, ಕನ್ನಡ, ಮರಾಠಿ. ಆಫ್ರಿಕದ ನುಡಿಯು ಕೆಲವೇ ಶತಮಾನಗಳಲ್ಲಿ ಅಳಿದುಹೋಯಿತು, ರಕ್ತದ ಗುರುತು ಉಳಿಯಿತು. ಸಾವಿರ ವರ್ಷಗಳ ತರುವಾಯ ಒಬ್ಬ ಸಿದ್ದಿಯ ಎಲುಬನ್ನು ಓದುವವನಿಗೆ ಅವನು ಕೊಂಕಣಿಯನ್ನಾಡಿದನೆಂದು ಯಾವ ಅಕ್ಷರವೂ ಹೇಳಲಾರದು.

ಇದು ಶಂಬಾ ಅವರ ವಿರೋಧಿಗಳು ಗಮನಿಸಬೇಕಾದ ಮಾತು. ಮಹಾರಾಷ್ಟ್ರದ ಒಂದು ಹಳ್ಳಿಯವರ ಜೀನೋಮು ಬೆಳಗಾವಿಯ ಒಂದು ಹಳ್ಳಿಯವರ ಜೀನೋಮನ್ನು ಹೋಲಿದರೂ, ಹೋಲದಿದ್ದರೂ, ಅಲ್ಲಿ ಒಮ್ಮೆ ಕನ್ನಡವಿತ್ತೇ ಎಂಬ ಪ್ರಶ್ನೆಗೆ ಉತ್ತರವು ದೊರೆಯದು. ಆ ಪ್ರಶ್ನೆಯು ಶಾಸನಗಳಿಗೂ ಊರ ಹೆಸರುಗಳಿಗೂ ಸೇರಿದುದು. ಅವರು ಅದನ್ನು ಎಲ್ಲಿ ಕೇಳಬೇಕೋ ಅಲ್ಲಿಯೇ ಕೇಳಿದರು.

ಹಾಲುಮತದ ವಿಷಯವು ಹೆಚ್ಚು ಸ್ವಾರಸ್ಯವುಳ್ಳದ್ದು. ಬೆಳೆದ ಮನುಷ್ಯನು ಹಸಿಹಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿಯು ಎಲ್ಲರಿಗೂ ಇಲ್ಲ, ಅದು ವಂಶವಾಹಿಯಲ್ಲಿ ಆಗುವ ಒಂದು ಸಣ್ಣ ಮಾರ್ಪಾಟಿನ ಫಲ. ಭರತಖಂಡದಲ್ಲಿ ಗೂಳಿಡುಬ್ಬದ ದನವನ್ನು ಸಿಂಧೂಪ್ರಾಂತದಲ್ಲಿ ಸ್ವತಂತ್ರವಾಗಿ ಪಳಗಿಸಿದ್ದರಿಂದ ಹಾಲು ಕುಡಿಯುವ ಶಕ್ತಿಯೂ ಇಲ್ಲಿಯೇ ಸ್ವತಂತ್ರವಾಗಿ ಹುಟ್ಟಿರಬಹುದೆಂದು ಊಹೆಯಿದ್ದಿತು. ಐರೀನ್ ಗಾಲೆಗೊ ರೊಮೆರೊ ಮೊದಲಾದವರು ೨,೨೮೪ ಮಾದರಿಗಳನ್ನು ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆ ಊಹೆಯು ಬಿದ್ದಿತು. ಯುರೋಪಿನವರಲ್ಲಿರುವ ಮಾರ್ಪಾಟೇ, ಅದೇ ಮೂಲದಿಂದ ಬಂದುದೇ, ಇಲ್ಲಿಯವರಲ್ಲಿಯೂ ಇದೆ. ವಾಯವ್ಯದಿಂದ ಆಗ್ನೇಯಕ್ಕೆ ಬಂದಂತೆ ಅದು ಕಡಿಮೆಯಾಗುವುದು, ಆದರೂ ನೆರೆಹೊರೆಯ ಸಮುದಾಯಗಳಲ್ಲಿಯೇ ಬಹಳ ವ್ಯತ್ಯಾಸವಿರುವುದು. ದನ ಹುಟ್ಟಿದ್ದು ಇಲ್ಲಿ, ಹಾಲು ಅರಗಿಸುವ ಗುಣ ಬಂದದ್ದು ಹೊರಗಿನಿಂದ.

ಹಾಲುಮತವನ್ನು ಕನ್ನಡ ನೆಲದ ಅಚ್ಚ ಸ್ವಯಂಭು ಸಂಸ್ಕೃತಿಯೆಂದು ಓದಿದವರಿಗೆ ಇದು ತೊಡಕಾಗಿ ಕಾಣಬಹುದು. ಆದರೆ ‘ಹಾಲುಮತ ದರ್ಶನ’ದ ಬಲವು ಹಾಲಿನ ಜೀರ್ಣಶಕ್ತಿಯಲ್ಲಿಲ್ಲ. ಹಾಲನ್ನು ಪವಿತ್ರವೆಂದೆಣಿಸುವ, ಹಟ್ಟಿಯನ್ನು ಗುಡಿಯನ್ನಾಗಿಸುವ ಭಾವನೆಯು ಬೀರಪ್ಪ, ಮೈಲಾರ, ಮಾಳಿಂಗರಾಯರ ಕಥನಗಳಲ್ಲಿ ಹೇಗೆ ರೂಪುಗೊಂಡಿತೆಂಬ ವಿಚಾರದಲ್ಲಿ ಅದು ಇದೆ. ಈ ಭಾವನೆಗೆ ಆಳವಾದ ಭೂಮಿಕೆಯುಂಟೆಂಬುದನ್ನು ಪುರಾತತ್ವವು ಬೇರೊಂದು ದಾರಿಯಿಂದ ತೋರಿಸಿಕೊಟ್ಟಿದೆ. ಬಳ್ಳಾರಿ, ರಾಯಚೂರು, ಸುರಪುರದ ಸೀಮೆಗಳಲ್ಲಿ ಕಾಣುವ ಬೂದಿಯ ದಿಬ್ಬಗಳು ಹೊಸಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಗಳ ಸೆಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಆದವುಗಳೆಂದು ರೇಮಂಡ್ ಆಲ್ಚಿನ್ ೧೯೬೩ರ ತನ್ನ ಗ್ರಂಥದಲ್ಲಿ ಸಾಧಿಸಿದನು. ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನವು ದೊಡ್ಡಿಯನ್ನೂ ಅದಕ್ಕೆ ಹೊಂದಿದ ವಸತಿಯನ್ನೂ ಬಯಲಿಗೆ ತಂದಿತು. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಲ್ಲಿ ಕೃಷ್ಣಾ ತುಂಗಭದ್ರೆಗಳ ನಡುವೆ ಹಟ್ಟಿಗಳಿದ್ದವು ಎಂಬುದರಲ್ಲಿ ಸಂದೇಹವುಳಿದಿಲ್ಲ. ಶಂಬಾ ಅವರ ಗ್ರಂಥವು ಆಲ್ಚಿನ್ನನ ಗ್ರಂಥಕ್ಕಿಂತ ಮೂರು ವರ್ಷ ಹಿಂದಿನದು. ಶಬ್ದವನ್ನೂ ದೈವವನ್ನೂ ಹಿಡಿದು ಹಟ್ಟಿಯ ಪ್ರಾಚೀನತೆಗೆ ಕೈಚಾಚಿದ ಆ ಊಹೆಗೆ ಸಲ್ಲಬೇಕಾದ ಮನ್ನಣೆಯು ಸಲ್ಲಲಿ. ಆ ದನಗಾಹಿಗಳು ಯಾವ ನುಡಿಯನ್ನಾಡಿದರೆಂಬುದು ಮಾತ್ರ ಬೂದಿಯಲ್ಲಿ ಬರೆದಿಲ್ಲ.

ದ್ರಾವಿಡ ಭಾಷೆಗಳ ವಯಸ್ಸನ್ನು ಕುರಿತು ಹೊಸ ಲೆಕ್ಕಗಳು ಇಲ್ಲದಿಲ್ಲ. ವಿಷ್ಣುಪ್ರಿಯಾ ಕೋಲಿಪಾಕಂ ಮೊದಲಾದವರು ೨೦೧೮ರಲ್ಲಿ ಶಬ್ದಪಟ್ಟಿಗಳನ್ನು ಗಣಿತದಿಂದ ಪರಿಶೀಲಿಸಿ ಆ ಕುಟುಂಬವು ಸುಮಾರು ೪,೫೦೦ ವರ್ಷ ಹಳೆಯದೆಂದರು. ಕರಾವಳಿಯ ಕೊರಗರ ಜೀನೋಮುಗಳಲ್ಲಿ ಸುಮಾರು ೪,೪೦೦ ವರ್ಷ ಹಳೆಯ ಪ್ರತ್ಯೇಕ ವಂಶಾಂಶವೊಂದಿದೆಯೆಂದೂ, ಅದು ಮೂಲದ್ರಾವಿಡರಿಗೆ ಸಂಬಂಧಿಸಿರಬಹುದೆಂದೂ ಮಂಗಳೂರಿನ ಸಂಶೋಧಕರನ್ನೊಳಗೊಂಡ ತಂಡವೊಂದು ೨೦೨೪ರಲ್ಲಿ ಮುಂದಿಟ್ಟಿತು. ಎರಡು ಸಂಖ್ಯೆಗಳು ಅಕ್ಕಪಕ್ಕದಲ್ಲಿ ಬಂದಾಗ ಮನಸ್ಸು ಅವುಗಳನ್ನು ಬೆಸೆಯಲು ಹಂಬಲಿಸುವುದು. ಆ ಬೆಸುಗೆಯನ್ನು ಈಗಲೇ ಮಾಡಿಬಿಟ್ಟರೆ ಮತ್ತೆ ‘ಒಂದು ಜನ, ಒಂದು ನುಡಿ’ ಎಂಬ ಹಳೆಯ ಹಗ್ಗಕ್ಕೇ ಬಂದು ನಿಂತಂತಾಗುವುದು. ನರಸಿಂಹನ್ ಮೊದಲಾದವರಾದರೂ ದ್ರಾವಿಡ ನುಡಿಯು ಸಿಂಧೂಪ್ರಾಂತದಿಂದ ಇಳಿದುಬಂದಿರಬಹುದು, ದಕ್ಷಿಣದಲ್ಲಿಯೇ ಹುಟ್ಟಿರಲೂಬಹುದು ಎಂದು ಎರಡೂ ಬಾಗಿಲುಗಳನ್ನು ತೆರೆದಿಟ್ಟಿರುವರು. ಅದು ಮೆಚ್ಚತಕ್ಕ ಸಂಯಮವು.

ಇನ್ನು ಶಂಬಾ ಅವರ ನಿಜವಾದ ದೌರ್ಬಲ್ಯ. ಅದು ಜೀನೋಮುಗಳಿಗಾಗಿ ಕಾಯಬೇಕಾದ ವಿಷಯವಲ್ಲ, ವ್ಯಾಕರಣವೇ 1ಅದನ್ನು ತೋರಿಸಬಲ್ಲದು. ಮರಹಟ್ಟ ಶಬ್ದವನ್ನು ಅವರು ಹಟ್ಟಿಯೊಡನೆ ಕೂಡಿಸುವರು. ಹಟ್ಟಿಯೆಂಬುದು ಹಳಗನ್ನಡದ ಪಟ್ಟಿ. ದನಕುರಿಗಳ ದೊಡ್ಡಿಯೆಂಬ ಅರ್ಥದಲ್ಲಿ ತಮಿಳಿನಲ್ಲಿ ಇಂದಿಗೂ ಪಟ್ಟಿಯೆಂದೇ ಇದೆ. ಕನ್ನಡದಲ್ಲಿ ಪದಾದಿಯ ಪಕಾರವು ಹಕಾರವಾಗತೊಡಗಿದ್ದು ಸುಮಾರು ಹತ್ತನೆಯ ಶತಮಾನದಿಂದೀಚೆಗೆ. ಆದರೆ ಮರಹಟ್ಟರೆಂಬ ಹೆಸರು ಉದ್ಯೋತನಸೂರಿಯು ೭೭೯ರಲ್ಲಿ ಮುಗಿಸಿದ ಪ್ರಾಕೃತದ ಕುವಲಯಮಾಲೆಯಲ್ಲಿಯೇ ಬರುವುದು. ಕನ್ನಡದಲ್ಲಿ ಹಟ್ಟಿಯು ಇನ್ನೂ ಪಟ್ಟಿಯಾಗಿದ್ದ ಕಾಲದಲ್ಲಿ ಹಕಾರವುಳ್ಳ ಮರಹಟ್ಟರು ಅದರಿಂದ ಹುಟ್ಟಿದರೆಂಬುದು ಹೇಗೆ? ಮಹಾರಾಷ್ಟ್ರವೆಂಬುದು ಪ್ರಾಕೃತದ ನಿಯಮದಂತೆ ಮರಹಟ್ಠವಾಗುವುದರಲ್ಲಿ ಯಾವ ತೊಡಕೂ ಇಲ್ಲ. ಹಟ್ಟಿಯ ಹಕಾರವು ಮೂಲದ್ದೇ ಎಂದು ಬೇರೆ ಪ್ರಮಾಣದಿಂದ ಸಾಧಿಸಿದ ಹೊರತು ಈ ವ್ಯುತ್ಪತ್ತಿಯು ನಿಲ್ಲಲಾರದು. ‘ಕನ್’ ಎಂಬ ಒಂದೇ ಧ್ವನಿಯಿಂದ ಜನದ ಹೆಸರನ್ನೂ ನಾಡಿನ ಹೆಸರನ್ನೂ ನೇಯುವಲ್ಲಿಯೂ ಇದೇ ಸಡಿಲವು ಕಾಣುವುದು. ಒಂದು ಗಣಕ್ಕೆ ಹೊಂದಿದ ಹೆಸರು ದೂರದಲ್ಲೆಲ್ಲೋ ಕಂಡರೆ ಗಣವೇ ಅಲ್ಲಿಗೆ ಹೋಯಿತೆಂದು ಬಗೆಯುವುದು ಅವರ ಗ್ರಂಥಗಳ ಉದ್ದಕ್ಕೂ ಇರುವ ಅಭ್ಯಾಸವು.

ಈ ದೋಷಗಳನ್ನು ಕಳೆದ ಮೇಲೆ ಉಳಿಯುವುದೇನು? ಬಹಳ ಉಳಿಯುವುದು. ಮಹಾರಾಷ್ಟ್ರದ ಒಳನಾಡಿನಲ್ಲಿ ಕನ್ನಡದ ಶಾಸನಗಳೂ ಕನ್ನಡದ ಊರ ಹೆಸರುಗಳೂ ಇರುವುದು ಸತ್ಯ. ಪಂಢರಪುರದ ವಿಠಲನನ್ನು ಮರಾಠಿಯ ಸಂತರೇ ಕನ್ನಡದವನೆಂದು ಕರೆದುದು ಸತ್ಯ. ಗುಂತರ್ ಸೊಂತೈಮರ್‌ನು ೧೯೭೬ರಲ್ಲಿ ಬಿರೋಬಾ, ಮ್ಹಸ್ಕೋಬಾ, ಖಂಡೋಬಾಗಳನ್ನು ಕುರಿತು ಬರೆದ ಗ್ರಂಥವು ದಖ್ಖಣದ ಪಶುಪಾಲಕರ ದೈವಗಳು ಕನ್ನಡ ಮರಾಠಿಗಳ ಗಡಿಯನ್ನು ಲೆಕ್ಕಿಸದೆ ಸಂಚರಿಸಿದ ಬಗೆಯನ್ನು ಕ್ಷೇತ್ರಕಾರ್ಯದಿಂದ ತೋರಿಸಿಕೊಟ್ಟಿತು. ರಾಮಚಂದ್ರ ಚಿಂತಾಮಣ ಢೇರೆಯವರು ೧೯೮೪ರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ದಲ್ಲಿ ವಿಠಲನ ಮೂಲವನ್ನು ಗೊಲ್ಲ ಕುರುಬರ ದೈವದಲ್ಲಿ ಕಂಡರು. ಮರಾಠಿಯ ವಿದ್ವಾಂಸರೊಬ್ಬರು ತಮ್ಮ ಭಾಷೆಯ ಆರಾಧ್ಯದೈವದ ವಿಷಯದಲ್ಲಿ ಇಂಥ ತೀರ್ಮಾನಕ್ಕೆ ಬಂದುದನ್ನು ನೋಡಿದರೆ, ಐವತ್ತು ವರ್ಷ ಮೊದಲು ಶಂಬಾ ಅವರು ಹಿಡಿದ ದಿಕ್ಕು ಸರಿಯಾಗಿತ್ತೆಂದು ಒಪ್ಪಬೇಕಾಗುವುದು.

ಢೇರೆ, ಸೊಂತೈಮರ್ ಇಬ್ಬರೂ ಕುಲದ ಬೆನ್ನು ಹತ್ತಲಿಲ್ಲ. ದೈವವು ಒಂದು ಜನದಿಂದ ಇನ್ನೊಂದು ಜನಕ್ಕೆ ಹೇಗೆ ದಾಟಿತು, ದಾಟುವಾಗ ಅದರ ಕಥೆಯು ಹೇಗೆ ಮಾರ್ಪಟ್ಟಿತು ಎಂಬುದನ್ನಷ್ಟೇ ಕೇಳಿದರು. ‘ಹಾಲುಮತ ದರ್ಶನ’ದ ಅತ್ಯುತ್ತಮ ಭಾಗಗಳು ಇದೇ ರೀತಿಯವು. ಹಟ್ಟಿಕಾರನೆಂಬುದನ್ನು ರಕ್ತದ ಹೆಸರೆಂದು ಓದದೆ ಬಾಳುವೆಯ ಹೆಸರೆಂದು ಓದಿದರೆ, ಆ ಗ್ರಂಥದ ವಾದದಲ್ಲಿ ಮುರಿಯುವ ಕೊಂಡಿಗಳು ಕಡಿಮೆಯಾಗುವುವು. ದನಕುರಿಗಳನ್ನು ಕಾಯುತ್ತ ಕೃಷ್ಣೆಯಿಂದ ಭೀಮೆಗೆ, ಭೀಮೆಯಿಂದ ಗೋದಾವರಿಗೆ ಋತುವಿಗೆ ತಕ್ಕಂತೆ ಸುತ್ತುವವರ ಗುಂಪಿಗೆ ನಾನಾ ಮೂಲದವರು ಬಂದು ಸೇರಬಹುದು, ನುಡಿಯನ್ನು ಕಲಿಯಬಹುದು, ಮರೆಯಲೂಬಹುದು. ಜೀನೋಮುಗಳು ತೋರಿಸುವ ಬೆರಕೆಯ ಕಾಲಕ್ಕೂ ಈ ಚಿತ್ರಕ್ಕೂ ವಿರೋಧವಿಲ್ಲ.

ಕೊನೆಯದಾಗಿ ಪಾಠದ ಕೋಣೆಗೆ ಸಂಬಂಧಿಸಿದ ಒಂದು ಮಾತು. ರಟ್ಟರ ಲತ್ತಲೂರಾಗಲಿ, ದಕ್ಷಿಣದ ಅನೇಕ ಅರಸುಮನೆಗಳ ಯದುವಂಶ ಚಂದ್ರವಂಶಗಳಾಗಲಿ ಪ್ರಶಸ್ತಿಕಾವ್ಯದ ಸಂಪ್ರದಾಯಗಳೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಅಧ್ಯಾಪಕರು, ‘ಮಹಾರಾಷ್ಟ್ರದ ಮೂಲ’ವನ್ನು ಪಾಠ ಹೇಳುವಾಗ ಮಾತ್ರ ಅದರ ವಂಶಕಥನವನ್ನು ಅಕ್ಷರಶಃ ನಂಬುವುದೋ ಅಕ್ಷರಶಃ ಖಂಡಿಸುವುದೋ ಉಂಟು. ೧೯೩೪ರ ಆ ಗ್ರಂಥದಲ್ಲಿಯೂ ಪ್ರಶಸ್ತಿಯ ಒಂದು ಪಾಲಿದೆ, ಶೋಧದ ಒಂದು ಪಾಲಿದೆ. ಊರ ಹೆಸರುಗಳನ್ನು ಚರ್ಚಿಸುವ ಭಾಗಗಳನ್ನು ಶಾಸನಗಳ ಪಕ್ಕದಲ್ಲಿಟ್ಟು ಒಂದೊಂದಾಗಿ ಒರೆಗೆ ಹಚ್ಚಿದರೆ ಎರಡೂ ಪಾಲುಗಳು ತಾವಾಗಿಯೇ ಬೇರೆಯಾಗುವುವು. ಆ ಕೆಲಸಕ್ಕೆ ವಕ್ಕುಂದ, ಸವದತ್ತಿ, ಮುನವಳ್ಳಿಗಳ ಸುತ್ತಲಿನ ಹಳ್ಳಿಗಳಿಂದಲೇ ತೊಡಗಬಹುದು.